ಕ್ರಯಪತ್ರದೊಳಗಿನ ಕೇರಿ

ಕೆಲವು ವರ್ಷಗಳ ಹಿಂದೆ ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ಅಲೆಯುತ್ತಿದ್ದೆ. ಒಂದು ಮನೆಯ ಯಜಮಾನರು ಗೇಟಿನ ಒಳಗೇ ನಿಂತು ನನ್ನ ನೌಕರಿ, ಸಂಬಳ, ಮಕ್ಕಳೆಷ್ಟು ಎಲ್ಲ ವಿಚಾರಿಸಿದರು. ಮುಖ ಅರಳಿತು. ಕಡೆಗೆ "ತಾವು ಯಾವ ಜನ?" ಅಂದರು. ಹೇಳಿದೆ. "ನೋಡಿ, ನಿನ್ನೆ ಸಾಯಂಕಾಲ ತಾನೆ ಒಬ್ಬರು ಅಡ್ವಾನ್ಸ್ ಕೊಟ್ಟು ಹೋಗ್ಬಿಟ್ರು" ಅಂದರು. ಈ ಕಥೆ ಕೇಳದ ದಲಿತ ನೌಕರರು ಯಾರಿದ್ದಾರೆ? ಇದನ್ನು ಚಳವಳಿಯ ಹಿರಿಯ ಗೆಳೆಯರೊಬ್ಬರ ಹತ್ತಿರ ಹೇಳಿಕೊಂಡಾಗ ಅವರು ಸಮಾಧಾನದ ಧಾಟಿಯಲ್ಲೇ, "ಅದೊಂದು ಬಿಡಿ ಘಟನೆ ಕಣಯ್ಯ. ಸಿಟಿಯಲ್ಲಿ ಕೊನೆಗೆ ಎಲ್ಲ ದುಡ್ಡಿನ ಲೆಕ್ಕ. ಅಮೆರಿಕದಲ್ಲೇ ನೋಡು, ಕರಿಯರು ಬಡವರು, ಅದಕ್ಕೇ ಬಡವರ ಬೀದೀಲಿ ಇರ್ತಾರೆ. ಅದು ಕ್ಲಾಸ್ ಪ್ರಶ್ನೆ" ಎಂದರು.

ನನ್ನ ಸಂಬಳ ಕೇಳಿ ಅರಳಿದ ಮುಖ ಜಾತಿ ಕೇಳಿ ಬಾಡಿದ್ದಕ್ಕೆ ಅವರ ಲೆಕ್ಕದಲ್ಲಿ ಜಾಗ ಇರಲಿಲ್ಲ. ಇರಲಿ. ಅವರು ಅಮೆರಿಕದ ಹೆಸರು ಎತ್ತಿದ್ದರಿಂದ ಆ ಅಮೆರಿಕದ ಪಟ್ಟಣಗಳ ಚರಿತ್ರೆಯನ್ನೇ ಇಲ್ಲಿ ಸ್ವಲ್ಪ ಬಿಚ್ಚಿ ನೋಡಬೇಕೆನ್ನಿಸಿದೆ. 1972ರಲ್ಲಿ ಮುಂಬಯಿಯ ದಲಿತ ಹುಡುಗರು ತಮ್ಮ ಸಂಘಟನೆಗೆ ಪ್ಯಾಂಥರ್ ಎಂದು ಹೆಸರಿಟ್ಟುಕೊಂಡ ಕಾಲದಿಂದಲೂ ನಾವು ಕಪ್ಪುಜನರ ಸಿಟ್ಟನ್ನು, ಹಾಡನ್ನು, ಕಾವ್ಯವನ್ನು ತಂದುಕೊಂಡಿದ್ದೇವೆ. ಅವರ ಕ್ರಯಪತ್ರಗಳನ್ನು ಮಾತ್ರ ಓದಿಲ್ಲ.

ಮೊದಲು ಬಾಲ್ಟಿಮೋರ್. 1910ರಲ್ಲಿ ಅಲ್ಲಿಯ ಮೆಕಲೋ ಸ್ಟ್ರೀಟಿನಲ್ಲಿ, ಬಿಳಿಯರು ಮಾತ್ರ ಇದ್ದ ಸಾಲಿನಲ್ಲಿ, ಆಶ್ಬಿ ಹಾಕಿನ್ಸ್ ಎಂಬ ಕಪ್ಪು ವಕೀಲರು ಮನೆ ಕೊಂಡರು. ಅವರ ಜೊತೆಗಾರ ವಕೀಲ ಜಾರ್ಜ್ ಮೆಕ್‌ಮೆಚನ್ ಅಲ್ಲಿ ಸಂಸಾರ ಹೂಡಿದರು. ಊರಿಗೆ ಊರೇ ಎದ್ದಿತು. ಆ ವರ್ಷ ಡಿಸೆಂಬರಿನಲ್ಲಿ ನಗರಸಭೆ ಒಂದು ಕಾನೂನನ್ನೇ ಮಾಡಿತು: ಬಿಳಿಯರು ಹೆಚ್ಚಿರುವ ಬೀದಿಗೆ ಕಪ್ಪುಜನ ಬರಕೂಡದು, ಕಪ್ಪುಜನ ಹೆಚ್ಚಿರುವ ಬೀದಿಗೆ ಬಿಳಿಯರು ಹೋಗಕೂಡದು. ಈ ಎರಡನೆಯ ಮಾತು ನ್ಯಾಯ ಎರಡೂ ಕಡೆಗೆ ಸಮ ಎಂದು ತೋರಿಸಲಿಕ್ಕೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಅಮೆರಿಕದಲ್ಲಿ ಬೀದಿಗೊಂದು ಬಣ್ಣ ಕಟ್ಟಿದ ಈ ಮೊದಲ ಕಾನೂನು ಹುಟ್ಟಿದ್ದು ಬಡವರು ಬಂದರೆಂದಲ್ಲ, ಕೋಟು ಹಾಕಿಕೊಂಡ ವಕೀಲರು ಬಂದರೆಂದು. ಕಪ್ಪುಮನುಷ್ಯನ ಬಡತನಕ್ಕೆ ಆ ಊರು ಎಂದೋ ಒಗ್ಗಿಹೋಗಿತ್ತು. ಅದು ಬೆಚ್ಚಿದ್ದು ಅವನ ಕೈಯಲ್ಲಿ ದುಡ್ಡು ಕಂಡಾಗ.

ಬೇರೆ ಊರುಗಳೂ ಇದೇ ಕಾನೂನನ್ನು ನಕಲು ಮಾಡಿದವು. 1917ರಲ್ಲಿ ಲೂಯಿವಿಲ್ ಊರಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅಂಥ ಕಾನೂನು ಸಲ್ಲದೆಂದಿತು. ಯಾತಕ್ಕೆ? ಮುಖ್ಯವಾಗಿ, ಆಸ್ತಿ ಇದ್ದವನಿಗೆ ಅದನ್ನು ತನಗೆ ಬೇಕಾದವರಿಗೆ ಮಾರುವ ಹಕ್ಕು ಇದೆ ಎಂಬ ಕಾರಣಕ್ಕೆ. ಆ ಮೊಕದ್ದಮೆಯಲ್ಲಿ ಮಾರಲು ಹೊರಟವನು ಬಿಳಿಯ. ಕಪ್ಪುಮನುಷ್ಯನ ಮಾನದ ಹೆಸರಿನಲ್ಲಿ ಬರಬೇಕಾಗಿದ್ದ ತೀರ್ಪು ಬಿಳಿಯನ ಆಸ್ತಿಯ ಹೆಸರಿನಲ್ಲಿ ಬಂತು.

1917 ಎಂದೊಡನೆ ನಮಗೆ ನೆನಪಾಗಬೇಕಾದದ್ದು ಇನ್ನೊಂದಿದೆ. ಬಾಬಾಸಾಹೇಬರು 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ಅದರ ಮಗ್ಗುಲಲ್ಲೇ ಹಾರ್ಲೆಮ್. ಬಿಳಿಯರ ಬಡಾವಣೆಯಾಗಿದ್ದ ಹಾರ್ಲೆಮ್ ಕಪ್ಪುಜನರ ಪೇಟೆಯಾಗುತ್ತಿದ್ದ ವರ್ಷಗಳೇ ಅವು. 1917ರಲ್ಲಿ ಅವರು ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದಾಗ ಇಡೀ ಊರಿನಲ್ಲಿ ಮಲಗಲಿಕ್ಕೆ ಜಾಗ ಸಿಗದೆ, ಪಾರ್ಸಿ ಹೆಸರು ಹೇಳಿ ಒಂದು ಪಾರ್ಸಿ ವಸತಿಗೃಹದಲ್ಲಿ ಇಳಿದುಕೊಂಡರು. ಹನ್ನೊಂದನೆಯ ದಿನ ಬಡಿಗೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರಿಶ್ಚಿಯನ್ ಗೆಳೆಯ, ಇಬ್ಬರೂ ನೆಪ ಹೇಳಿದರು. ಎಂ.ಎ. ಪದವಿ ಇತ್ತು, ಸಂಸ್ಥಾನದ ಹುದ್ದೆ ಇತ್ತು, ಸಂಬಳ ಇತ್ತು. ಇದು ಯಾವ ಕ್ಲಾಸಿನ ಪ್ರಶ್ನೆ? ನ್ಯೂಯಾರ್ಕಿನಲ್ಲಿ ಅವರ ಜೊತೆ ಇದ್ದ ಆಪ್ತ ಗೆಳೆಯ ನವಲ್ ಭಥೇನಾ ಕೂಡ ಪಾರ್ಸಿಯೇ ಎಂಬುದನ್ನೂ ಇಲ್ಲೇ ಹೇಳಬೇಕು. ದೋಷ ಒಂದು ಜನದ ರಕ್ತದಲ್ಲಿರಲಿಲ್ಲ, ಕದ ಹಾಕಿಕೊಳ್ಳುವ ಏರ್ಪಾಟಿನಲ್ಲಿತ್ತು.

ಅತ್ತ ಅಮೆರಿಕದಲ್ಲಿ ದಕ್ಷಿಣದ ಹತ್ತಿ ಹೊಲಗಳಿಂದ ಕಪ್ಪುಜನ ಉತ್ತರದ ಪಟ್ಟಣಗಳಿಗೆ ಗುಳೆ ಹೊರಟಿದ್ದರು. 1970ರ ಹೊತ್ತಿಗೆ ಹೀಗೆ ಬಂದವರು ಸುಮಾರು 60 ಲಕ್ಷ. ಶಿಕಾಗೋ, ಡೆಟ್ರಾಯಿಟ್‌ಗಳ ಕಾರ್ಖಾನೆಗೆ, ಕಸಾಯಿಖಾನೆಗೆ ಅವರ ತೋಳು ಬೇಕಿತ್ತು, ನೆರೆಮನೆಗೆ ಅವರು ಬೇಡವಾಗಿತ್ತು. 1919ರ ಜುಲೈನಲ್ಲಿ ಶಿಕಾಗೋದ ಕೆರೆಯಲ್ಲಿ ಈಜುತ್ತಿದ್ದ ಯೂಜಿನ್ ವಿಲಿಯಮ್ಸ್ ಎಂಬ 17ರ ಹುಡುಗ ಬಿಳಿಯರ ದಡದ ಕಡೆ ತೇಲಿಹೋದನೆಂದು ಕಲ್ಲು ಬಿದ್ದವು, ಹುಡುಗ ಮುಳುಗಿ ಸತ್ತ. ಆಮೇಲಿನ ಗಲಭೆಯಲ್ಲಿ 38 ಜನ ಸತ್ತರು, 23 ಮಂದಿ ಕಪ್ಪುಜನರು. ನೀರಿನಲ್ಲೂ ಗೆರೆ ಎಳೆದವರ ಕಥೆ ನಮ್ಮ ಕೇರಿಯವರಿಗೆ ವಿವರಿಸಿ ಹೇಳಬೇಕಾದ್ದಿಲ್ಲ.

ನಗರಸಭೆಯ ಕಾನೂನು ನಡೆಯದು ಎಂದಾದಾಗ ಕೆಲಸ ಸಬ್‌ರಿಜಿಸ್ಟ್ರಾರ್ ಕಚೇರಿಯಂಥ ಜಾಗಕ್ಕೆ ಬಂತು. ಬೀದಿಯವರೆಲ್ಲ ಸೇರಿ ಒಂದು ಕರಾರು ಬರೆಯುವುದು: ಈ ಮನೆಯನ್ನು ಇಂತಿಷ್ಟು ವರ್ಷ ನೀಗ್ರೋಗಳಿಗೆ ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ. ಮನೆಗೆಲಸದವರು ಇರಬಹುದು ಎಂಬ ವಿನಾಯ್ತಿಯೂ ಅನೇಕ ಕರಾರುಗಳಲ್ಲಿತ್ತು! ಹಿತ್ತಲಿನಿಂದ ಬಂದು ಕೊಟ್ಟಿಗೆ ಬಳಿದು ಹೋಗುವವರಿಗೆ ನಮ್ಮೂರಿನಲ್ಲೂ ಈ ವಿನಾಯ್ತಿ ಉಂಟಷ್ಟೆ. ಇಂಥ ಕರಾರು ಖಾಸಗಿ ವ್ಯವಹಾರ, ಸಂವಿಧಾನ ಅಡ್ಡ ಬರುವುದಿಲ್ಲ ಎಂದು 1926ರಲ್ಲಿ ಅದೇ ಸುಪ್ರೀಂ ಕೋರ್ಟು ಕೈತೊಳೆದುಕೊಂಡಿತು. ಅದಕ್ಕೆ ಎರಡು ವರ್ಷ ಮೊದಲು, 1924ರಲ್ಲಿ, ದೇಶದ ಮನೆ ದಲ್ಲಾಳಿಗಳ ಸಂಘ ತನ್ನ ನೀತಿಸಂಹಿತೆಯಲ್ಲೇ ಬರೆದುಕೊಂಡಿತ್ತು: ಬೀದಿಯ ಬೆಲೆ ಇಳಿಸುವಂಥ ಜನಾಂಗದವರನ್ನು ಆ ಬೀದಿಗೆ ತರುವ ಕೆಲಸ ಸದಸ್ಯರು ಮಾಡತಕ್ಕದ್ದಲ್ಲ. ಅದನ್ನು ತಿದ್ದಿದ್ದು 1950ರಲ್ಲಿ. ಭೇದ ಮಾಡುವುದು ದಲ್ಲಾಳಿಯ ಅನೀತಿಯಾಗಿರಲಿಲ್ಲ, ನೀತಿಯಾಗಿತ್ತು.

ಲೊರೇನ್ ಹ್ಯಾನ್ಸ್‌ಬೆರಿಯ 'ಎ ರೈಸಿನ್ ಇನ್ ದಿ ಸನ್' ನಾಟಕ (1959) ನಮ್ಮ ಇಂಗ್ಲಿಷ್ ಎಂ.ಎ. ತರಗತಿಗಳಲ್ಲಿ ಪಾಠವಾಗುವುದುಂಟು. ಕನಸು, ಕುಟುಂಬ, ಅಸ್ಮಿತೆ ಎಂದೆಲ್ಲ ವಿಮರ್ಶೆ ಬರೆಯುತ್ತೇವೆ. ಆ ನಾಟಕದ ಹಿಂದೆ ಒಂದು ಮೊಕದ್ದಮೆ ಇದೆ. ಲೊರೇನ್‌ಳ ತಂದೆ ಕಾರ್ಲ್ ಹ್ಯಾನ್ಸ್‌ಬೆರಿ ಮನೆ ಆಸ್ತಿ ವ್ಯವಹಾರದಲ್ಲಿ ದುಡ್ಡು ಮಾಡಿದ್ದ ಮನುಷ್ಯ. 1937ರಲ್ಲಿ ಶಿಕಾಗೋದ ಕರಾರುಬದ್ಧ ಬಡಾವಣೆಯೊಂದರಲ್ಲಿ ಮನೆ ಕೊಂಡರು. ಕಿಟಕಿಯೊಳಗಿಂದ ತೂರಿಬಂದ ಕಲ್ಲು ಎಳೆಯ ಲೊರೇನ್‌ಳಿಗೆ ಕೂದಲೆಳೆಯಲ್ಲಿ ತಪ್ಪಿತು. ಮೊಕದ್ದಮೆಯಲ್ಲಿ ಹೊರಬಿದ್ದ ಸಂಗತಿ ಸ್ವಾರಸ್ಯದ್ದು: ಶೇಕಡ 95ರಷ್ಟು ಮಾಲೀಕರ ಸಹಿ ಇದ್ದರೆ ಮಾತ್ರ ಜಾರಿಯಾಗಬೇಕಿದ್ದ ಕರಾರಿಗೆ ಬಿದ್ದಿದ್ದ ಸಹಿ ಸುಮಾರು ಶೇಕಡ 54. 1940ರಲ್ಲಿ ಹ್ಯಾನ್ಸ್‌ಬೆರಿ ಗೆದ್ದರು, ಆದರೆ ಹಿಂದಿನ ಮೊಕದ್ದಮೆಯೊಂದರ ತೀರ್ಪು ಇವರನ್ನು ಕಟ್ಟಿಹಾಕದು ಎಂಬ ತಾಂತ್ರಿಕ ನೆಲೆಯಲ್ಲಿ. ಕರಾರುಗಳು ಕರಾರುಗಳಾಗಿಯೇ ಉಳಿದವು. ಬೇಸತ್ತ ಕಾರ್ಲ್ ದೇಶ ಬಿಡುವ ಯೋಚನೆಯಲ್ಲಿ ಮೆಕ್ಸಿಕೋಗೆ ಹೋಗಿ 1946ರಲ್ಲಿ ಅಲ್ಲೇ ತೀರಿಕೊಂಡರು. ನಾಟಕದ ವಿಮರ್ಶೆ ಬರೆಯುವವರು ಈ ಸ್ಟಾಂಪ್ ಪೇಪರನ್ನೂ ಪಠ್ಯವೆಂದೇ ಓದಬೇಕು ಎಂಬುದು ನನ್ನ ವಾದ.

ಇಷ್ಟರಲ್ಲಿ ಸರ್ಕಾರ ಬಂತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮನೆಗಳು ಜಪ್ತಿಯಾಗುತ್ತಿದ್ದಾಗ ರೂಸ್ವೆಲ್ಟ್ ಸರ್ಕಾರ ಎರಡು ಸಂಸ್ಥೆ ಕಟ್ಟಿತು. 1933ರದ್ದು ಮನೆಸಾಲ ಉಳಿಸುವ ನಿಗಮ. ಅದು ಇನ್ನೂರಕ್ಕೂ ಹೆಚ್ಚು ಪಟ್ಟಣಗಳ ನಕ್ಷೆ ಬರೆಸಿ ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಬಣ್ಣ ಬಳಿಸಿತು. ಕಪ್ಪುಜನ ಇದ್ದ ಜಾಗ ಹೆಚ್ಚುಕಡಿಮೆ ಎಲ್ಲ ಕಡೆಯೂ ಕೆಂಪು. ರೆಡ್‌ಲೈನಿಂಗ್ ಎಂಬ ಮಾತು ಕೇಳಿದೊಡನೆ ಈಗ ಎಲ್ಲರೂ ತೋರಿಸುವುದು ಈ ನಕ್ಷೆಗಳನ್ನೇ. ಅದು ಅರ್ಧ ಸತ್ಯ. ಆ ನಿಗಮ ಕಪ್ಪುಜನರಿಗೂ ಸಾಲ ಕೊಟ್ಟಿತ್ತು, ನಕ್ಷೆಯ ಗೆರೆಗಳು ಬಹುಮಟ್ಟಿಗೆ ಮೊದಲೇ ಇದ್ದ ಭೇದದ ಗುರುತುಗಳು ಎಂದು ಇತ್ತೀಚಿನ ಸಂಶೋಧಕರು ತೋರಿಸಿದ್ದಾರೆ. ನಿಜವಾದ ಏಟು ಕೊಟ್ಟದ್ದು 1934ರ ಇನ್ನೊಂದು ಸಂಸ್ಥೆ, ಎಫ್‌ಎಚ್‌ಎ. ಅದು ತಾನೇ ಸಾಲ ಕೊಡುತ್ತಿರಲಿಲ್ಲ. ಬ್ಯಾಂಕು ಕೊಟ್ಟ ಸಾಲ ಮುಳುಗಿದರೆ ತಾನು ಕಟ್ಟಿಕೊಡುತ್ತೇನೆಂದು ಜವಾಬ್ದಾರಿ ಹೊರುತ್ತಿತ್ತು. ಆ ಭರವಸೆಯ ಮೇಲೆ ಬ್ಯಾಂಕುಗಳು ಕಡಿಮೆ ಮುಂಗಡಕ್ಕೆ, ಇಪ್ಪತ್ತು ವರ್ಷ ಮೀರಿದ ಕಂತಿಗೆ ಸಾಲ ಕೊಟ್ಟವು. ಕೂಲಿ ಕಾರ್ಮಿಕ ಮನೆ ಯಜಮಾನನಾದ. ಆದರೆ ಯಾವ ಕಾರ್ಮಿಕ? ಜನಾಂಗಗಳು ಬೆರೆತ ಬೀದಿ ಸಾಲಕ್ಕೆ ಅಪಾಯ, ಕರಾರು ಇದ್ದರೆ ಒಳ್ಳೆಯದು ಎಂದು ಅದರ 1938ರ ಕೈಪಿಡಿಯೇ ಅಧಿಕಾರಿಗಳಿಗೆ ಹೇಳುತ್ತಿತ್ತು.

ಇದರ ಫಲವನ್ನು ಡೆಟ್ರಾಯಿಟ್‌ನಲ್ಲಿ ಇವತ್ತಿಗೂ ಕೈಯಿಂದ ಮುಟ್ಟಿ ನೋಡಬಹುದು. 1941ರಲ್ಲಿ ಒಬ್ಬ ಬಿಲ್ಡರ್ ಕಪ್ಪುಜನರ ಮನೆಗಳ ಪಕ್ಕದಲ್ಲಿ ಬಿಳಿಯರಿಗೆ ಲೇಔಟ್ ಮಾಡಲು ಹೊರಟ. ಪಕ್ಕದಲ್ಲಿ ಕಪ್ಪುಜನ ಇದ್ದಾರಲ್ಲ ಎಂದು ಎಫ್‌ಎಚ್‌ಎ ತಕರಾರು ಮಾಡಿತು. ಆತ ನಡುವೆ ಆರು ಅಡಿ ಎತ್ತರದ, ಅರ್ಧ ಮೈಲಿ ಉದ್ದದ ಗೋಡೆ ಎಬ್ಬಿಸಿದ. ಸಾಲದ ಭರವಸೆ ಮಂಜೂರಾಯಿತು. ಗೋಡೆಯ ಆಚೆಗೂ ಈಚೆಗೂ ಒಂದೇ ಮಣ್ಣು. ಆಚೆಯವನಿಗೆ ಸಾಲ, ಈಚೆಯವನಿಗೆ ಇಲ್ಲ. ಹತ್ತು ವರ್ಷ ಕಳೆದು ಇಬ್ಬರ ಆಸ್ತಿ ತೂಗಿ ನೋಡಿ, ಅಂತರಕ್ಕೆ ಕಾರಣ ವರ್ಗ ಅನ್ನುತ್ತೀರೋ ಬಣ್ಣ ಅನ್ನುತ್ತೀರೋ?

ಸಾಲ ಸಿಗದವರೂ ಮನೆ ಕೊಂಡರು. ಹೇಗೆ ಕೊಂಡರು ಎಂಬುದೇ ಈ ಚರಿತ್ರೆಯ ಕರುಳು. ಶಿಕಾಗೋದ ನಾರ್ತ್ ಲಾನ್‌ಡೇಲ್ ಬಡಾವಣೆಯನ್ನು ತೆಗೆದುಕೊಳ್ಳಿ. 1950ರ ದಶಕದಲ್ಲಿ ವ್ಯಾಪಾರಿಗಳು ಅಲ್ಲಿಯ ಬಿಳಿಯರ ಬಾಗಿಲು ಬಡಿದು, "ಕರಿಯರು ಬರ್ತಾ ಇದಾರೆ, ಈಗಲೇ ಮಾರಿ, ನಾಳೆ ಇಷ್ಟೂ ಹುಟ್ಟಲ್ಲ" ಎಂದು ಹೆದರಿಸಿ ಅಗ್ಗದಲ್ಲಿ ಮನೆ ಕೊಳ್ಳುತ್ತಿದ್ದರು. ಅದನ್ನೇ ಕಪ್ಪುಸಂಸಾರಕ್ಕೆ ಒಂದಕ್ಕೆರಡು ಬೆಲೆ ಹಾಕಿ ಕಂತಿನ ಕರಾರಿನ ಮೇಲೆ ಮಾರುತ್ತಿದ್ದರು. ಕೊನೆಯ ಕಂತು ಕಟ್ಟುವವರೆಗೆ ಕ್ರಯಪತ್ರ ಮಾರಿದವನ ಹೆಸರಿನಲ್ಲೇ. ರಿಪೇರಿ, ಕಂದಾಯ ಮಾತ್ರ ಕೊಂಡವನ ತಲೆಗೆ. ಒಂದು ಕಂತು ತಪ್ಪಿತೋ, ಮನೆ ಹೋಯಿತು, ಅಲ್ಲಿವರೆಗೆ ಕಟ್ಟಿದ್ದೆಲ್ಲ ಹೋಯಿತು. ಅದೇ ಮನೆಯನ್ನು ಇನ್ನೊಬ್ಬರಿಗೆ ಮತ್ತೆ ಮಾರಬಹುದು. ಒಂದು ಚೀಲ ರಾಗಿಗೆ ಮೂರು ತಲೆಮಾರು ಜೀತ ಮಾಡಿದವರ ಮಕ್ಕಳು ನಾವು, ಈ ಲೆಕ್ಕ ನಮಗೆ ಹೊಸದಲ್ಲ.

ಕಂತು ತಪ್ಪಬಾರದೆಂದು ಗಂಡ ಎರಡೆರಡು ಕಡೆ ದುಡಿದ, ಹೆಂಡತಿ ದುಡಿದಳು, ಕೋಣೆಗೊಬ್ಬರಂತೆ ಬಾಡಿಗೆಗೆ ಹಾಕಿಕೊಂಡರು. ಮನೆ ವಠಾರವಾಯಿತು. ಸೋರುವ ಮಾಡು ಸೋರುತ್ತಲೇ ಇತ್ತು, ರಿಪೇರಿಗೆ ಕಾಸಿಲ್ಲ. ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಸ್ಕೂಲಿನಲ್ಲಿ ಜಾಗವಿಲ್ಲ. ಹತ್ತು ವರ್ಷದಲ್ಲಿ ಬಡಾವಣೆ ಹಾಳು ಬಿತ್ತು. ಆಗ ಬಿಳಿಯರು ಬೆರಳು ತೋರಿಸಿ, "ಕಂಡಿರಾ? ಅವರು ಬಂದ ಕಡೆ ಹೀಗೇ" ಅಂದರು. ಊರ ಹೊಲಸೆಲ್ಲ ಕೇರಿಗೆ ಹರಿಯುವಂತೆ ಮಾಡಿ, ಕೇರಿ ಹೊಲಸು ಅಂದ ಹಾಗೆ. ಎಫ್‌ಎಚ್‌ಎ ಕೈಪಿಡಿ ಯಾವುದನ್ನು ಅಪಾಯ ಎಂದು ಭವಿಷ್ಯ ನುಡಿದಿತ್ತೋ ಅದನ್ನು ಕೈಪಿಡಿಯೇ ನಿಜ ಮಾಡಿಕೊಂಡಿತು.

1968ರಲ್ಲಿ ಲಾನ್‌ಡೇಲ್‌ನ ಕೊಂಡುಕೊಂಡವರು ಸಂಘ ಕಟ್ಟಿ ಕಂತು ಕಟ್ಟುವುದನ್ನು ನಿಲ್ಲಿಸಿದರು. ಪೊಲೀಸರು ಸಾಮಾನು ಹೊರಗೆ ಹಾಕಿದರೆ ಅಕ್ಕಪಕ್ಕದವರು ಮತ್ತೆ ಒಳಗೆ ಇಟ್ಟರು. ನೂರಾರು ಸಂಸಾರಗಳ ಕರಾರು ತಿದ್ದುಪಡಿಯಾಯಿತು. ಕೋರ್ಟಿನಲ್ಲಿ ಮಾತ್ರ ಕಡೆಗೂ ಸೋತರು. ಈ ಕಥೆಯನ್ನು 2009ರಲ್ಲಿ ಪುಸ್ತಕವಾಗಿ ಬರೆದ ಬೆರಿಲ್ ಸಾಟರ್, ಈ ಜನರ ಪರ ವಾದಿಸುತ್ತ 1965ರಲ್ಲಿ ತೀರಿಕೊಂಡ ಬಿಳಿಯ ಯೆಹೂದಿ ವಕೀಲರೊಬ್ಬರ ಮಗಳು.

ಮತ್ತೆ ಕರಾರಿಗೆ ಬರೋಣ. 1945ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಆರು ಮಕ್ಕಳ ಶೆಲ್ಲಿ ದಂಪತಿಗಳು ಒಂದು ಮನೆ ಕೊಂಡರು. 1911ರಲ್ಲೇ ಐವತ್ತು ವರ್ಷಕ್ಕೆಂದು ಬರೆದ ಕರಾರು ಆ ಮನೆಯ ಮೇಲಿತ್ತು, ಇವರಿಗೆ ಗೊತ್ತಿರಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋದಾಗ ಮೂವರು ನ್ಯಾಯಮೂರ್ತಿಗಳು ಕಾರಣ ಹೇಳದೆ ಪೀಠದಿಂದ ಹಿಂದೆ ಸರಿದರು. ಅವರ ಮನೆಗಳ ಪತ್ರದಲ್ಲೂ ಅದೇ ಸಾಲು ಇದ್ದಿರಬೇಕು ಎಂದು ಜನ ಆಡಿಕೊಂಡರು. ಉಳಿದ ಆರು ಮಂದಿ 1948ರಲ್ಲಿ ಒಮ್ಮತದಿಂದ ಹೇಳಿದ್ದಿಷ್ಟು: ಜನ ತಮ್ಮತಮ್ಮೊಳಗೆ ಏನಾದರೂ ಬರೆದುಕೊಳ್ಳಲಿ, ಆದರೆ ಅದನ್ನು ಜಾರಿ ಮಾಡಲು ಕೋರ್ಟು ಕೈಹಾಕಿದರೆ ಅದು ಪ್ರಭುತ್ವದ ಕೃತ್ಯವಾಗುತ್ತದೆ, ಪ್ರಭುತ್ವ ಭೇದ ಮಾಡುವಂತಿಲ್ಲ.

ಕಾಗದ ಸೋತಾಗ ಕಲ್ಲು ಎದ್ದಿತು. 1951ರಲ್ಲಿ ಶಿಕಾಗೋ ಪಕ್ಕದ ಸಿಸೆರೋದಲ್ಲಿ ಹಾರ್ವೆ ಕ್ಲಾರ್ಕ್ ಎಂಬ ಬಸ್ ಡ್ರೈವರ್ ಬಾಡಿಗೆ ಮನೆ ಹಿಡಿದಾಗ ಸಾವಿರಾರು ಜನ ಮುತ್ತಿ ಸಾಮಾನು ಸುಟ್ಟರು, ಸೈನ್ಯ ಬರಬೇಕಾಯಿತು. ಗ್ರ್ಯಾಂಡ್ ಜ್ಯೂರಿ ಮೊದಲು ಆರೋಪ ಹೊರಿಸಿದ್ದು ಮುತ್ತಿದವರ ಮೇಲಲ್ಲ, ಮನೆ ಕೊಟ್ಟವರ ಮೇಲೆ ಮತ್ತು ಕ್ಲಾರ್ಕ್ ಪರ ವಕೀಲರ ಮೇಲೆ. 1966ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಲಾನ್‌ಡೇಲ್‌ನಲ್ಲೇ ಬಾಡಿಗೆ ಮನೆ ಹಿಡಿದು ಚಳವಳಿಗೆ ಇಳಿದರು, ಆಗಸ್ಟ್ 5ರ ಮೆರವಣಿಗೆಯಲ್ಲಿ ತಲೆಗೆ ಕಲ್ಲೇಟು ತಿಂದರು. 1968ರ ಏಪ್ರಿಲ್ 4ರಂದು ಅವರ ಕೊಲೆಯಾಯಿತು. ಮನೆ ಮಾರಾಟ, ಬಾಡಿಗೆಯಲ್ಲಿ ಜನಾಂಗಭೇದ ನಿಷೇಧಿಸುವ ಕಾನೂನಿಗೆ ಸಹಿ ಬಿದ್ದದ್ದು 11ರಂದು. ಒಂದು ಹೆಣ, ಒಂದು ವಾರ. ಅದಕ್ಕೆ ಹಲ್ಲು ಬಂದದ್ದು ಇಪ್ಪತ್ತು ವರ್ಷದ ನಂತರ, 1988ರ ತಿದ್ದುಪಡಿಯಲ್ಲಿ.

ಹೆದ್ದಾರಿಗಾಗಿ ಡೆಟ್ರಾಯಿಟ್‌ನ ಬ್ಲ್ಯಾಕ್ ಬಾಟಮ್ ಎಂಬ ಇಡೀ ಪೇಟೆಯನ್ನು ಕೆಡವಿದ್ದು, ಶಿಕಾಗೋದಲ್ಲಿ ಕಪ್ಪುಜನರನ್ನು 16 ಅಂತಸ್ತಿನ 28 ಕಟ್ಟಡಗಳಲ್ಲಿ ಪೇರಿಸಿ, 2007ರ ಹೊತ್ತಿಗೆ ಅವನ್ನೂ ಉರುಳಿಸಿದ್ದು, ಅವು ಬೇರೆಯೇ ಲೇಖನ ಬೇಡುವ ಸಂಗತಿಗಳು. ನನಗೆ ಮುಖ್ಯ ಅನ್ನಿಸುವುದು ಬಣ್ಣದ ಹೆಸರು ಹೇಳುವಂತಿಲ್ಲ ಎಂದಾದ ಮೇಲೆ ಯಜಮಾನಿಕೆ ಕಲಿತ ಹೊಸ ಭಾಷೆ. ಅದು ದುಡ್ಡಿನ ಭಾಷೆ. ಇಲ್ಲಿ ದೊಡ್ಡ ಸೈಟುಗಳಷ್ಟೇ ಇರಬೇಕು, ಒಂದು ಸೈಟಿಗೆ ಒಂದೇ ಮನೆ, ಬಾಡಿಗೆ ಕಟ್ಟಡ ಕೂಡದು, ಇದಕ್ಕೆ ವಲಯ ನಿಯಮ ಎಂದು ಹೆಸರು. ನಿಯಮ ಹಳೆಯದೇ, 1926ರಲ್ಲೇ ಕೋರ್ಟಿನ ಮುದ್ರೆ ಬಿದ್ದದ್ದು. ಕೆಲಸ ಹೊಸದು. ಶಿಕಾಗೋ ಹೊರವಲಯದ ಆರ್ಲಿಂಗ್ಟನ್ ಹೈಟ್ಸ್‌ನಲ್ಲಿ 1970ರ ಜನಗಣತಿಯಂತೆ 64 ಸಾವಿರ ಜನ, ಅವರಲ್ಲಿ ಕಪ್ಪುಜನ 27. ಅಲ್ಲಿ ಕಡಿಮೆ ವರಮಾನದವರಿಗೆ 190 ಮನೆ ಕಟ್ಟಲು ಹೊರಟರೆ ಊರು ವಲಯ ನಿಯಮ ತೋರಿಸಿ ಬೇಡವೆಂದಿತು. 1977ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಪರಿಣಾಮ ಅಸಮಾನವಾದರೆ ಸಾಲದು, ಭೇದದ ಉದ್ದೇಶ ಸಾಬೀತು ಮಾಡಿ. ಉದ್ದೇಶವನ್ನು ಬಾಯಿಬಿಟ್ಟು ಹೇಳುವಷ್ಟು ದಡ್ಡರು ಆ ಹೊತ್ತಿಗೆ ಯಾರು ಉಳಿದಿದ್ದರು?

ಹಿರಿಯ ಗೆಳೆಯರಿಗೆ ನಾನು ಹೇಳಬೇಕಾದ್ದು ಇದು. ವರಮಾನದ ಭೇದ ಇಲ್ಲವೆಂದಲ್ಲ. 2022ರಲ್ಲಿ ಅಮೆರಿಕದ ಮಧ್ಯಮ ಬಿಳಿ ಸಂಸಾರದ ಆಸ್ತಿ 2,85,000 ಡಾಲರ್, ಕಪ್ಪುಸಂಸಾರದ್ದು 44,900. ಆದರೆ ಈ ಅಂತರವೇ ಆ ಕ್ರಯಪತ್ರಗಳ ಕೂಸು. ತಾಯಿಯನ್ನು ಮರೆಮಾಡಿ ಕೂಸನ್ನು ತೋರಿಸಿ, ನೋಡಿ ಬಡತನವೇ ಕಾರಣ ಅನ್ನುವುದು ಸರಳೀಕರಣ. ಮ್ಯಾಸಿ ಮತ್ತು ಡೆಂಟನ್ 1993ರ 'ಅಮೆರಿಕನ್ ಅಪಾರ್ಥೈಡ್' ಪುಸ್ತಕದಲ್ಲಿ ತೋರಿಸಿದಂತೆ ದೊಡ್ಡ ಪಟ್ಟಣಗಳಲ್ಲಿ 1980ರಲ್ಲೂ ಅತಿ ಹೆಚ್ಚು ವರಮಾನದ ಕಪ್ಪುಜನ ಅತಿ ಬಡವರಷ್ಟೇ ಬಿಳಿಯರಿಂದ ಬೇರ್ಪಟ್ಟಿದ್ದರು. ನಮ್ಮಲ್ಲೂ 2001ರ ಜನಗಣತಿ ಹಿಡಿದು ಬೆಂಗಳೂರು ಸೇರಿದಂತೆ ಏಳು ಮಹಾನಗರಗಳನ್ನು ಅಳೆದ ಅಧ್ಯಯನ 2012ರಲ್ಲಿ ಬಂತು. ವಾರ್ಡುವಾರ್ಡುಗಳನ್ನು ಬೇರ್ಪಡಿಸುವುದರಲ್ಲಿ ಆರ್ಥಿಕ ಸ್ಥಿತಿಗಿಂತ ಜಾತಿಯದೇ ಮೇಲುಗೈ ಎಂಬುದು ಅದು ಕಂಡದ್ದು.

ಇನ್ನು ನಮ್ಮ ಸುಪ್ರೀಂ ಕೋರ್ಟು. ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವೊಂದರ ಉಪನಿಯಮದಲ್ಲಿ ಪಾರ್ಸಿಗಳಿಗಷ್ಟೇ ಸದಸ್ಯತ್ವ ಎಂದಿತ್ತು. ಸದಸ್ಯರೊಬ್ಬರು ಹೊರಗಿನವರಿಗೆ ಮಾರಹೊರಟರು. 2005ರಲ್ಲಿ ಕೋರ್ಟು ಸಂಘದ ಪರವಾಗಿ ಹೇಳಿತು: ಸಂಘ ಕಟ್ಟುವುದು ಮೂಲಭೂತ ಹಕ್ಕು, ಸಹಕಾರ ಸಂಘ ಪ್ರಭುತ್ವವಲ್ಲ. ಕರಗುತ್ತಿರುವ ಒಂದು ಸಣ್ಣ ಸಮುದಾಯದ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಅದೇ ತೀರ್ಪಿನ ನೆರಳಲ್ಲಿ ನಾಳೆ ಬಲಿಷ್ಠ ಜಾತಿಯವರೂ ಚಪ್ಪರ ಹಾಕಿಕೊಳ್ಳಬಹುದಲ್ಲ? 1948ರಲ್ಲಿ ಶೆಲ್ಲಿ ದಂಪತಿಗಳಿಗೆ ಸಿಕ್ಕ ತೀರ್ಪನ್ನು ಅದರ ಪಕ್ಕ ಇಟ್ಟು ಓದಿದರೆ ಯಾವ ದೇಶ ಎಲ್ಲಿ ನಿಂತಿದೆ ತಿಳಿಯುತ್ತದೆ. 1946ರಲ್ಲಿ ಬಾಬಾಸಾಹೇಬರು ಡುಬಾಯ್ಸ್ ಅವರಿಗೆ ಕಾಗದ ಬರೆದು, ವಿಶ್ವಸಂಸ್ಥೆಗೆ ನೀಗ್ರೋಗಳು ಸಲ್ಲಿಸಿದ ಅರ್ಜಿಯ ಪ್ರತಿ ಕೇಳಿದ್ದರು. ಅವರಿಗೆ ಬೇಕಿದ್ದದ್ದು ಆ ಜನ ಬರೆದ ಕಾಗದಪತ್ರ.

ಅಮೆರಿಕದಲ್ಲಿ ಈಗ ಮನೆ ಕೊಂಡವರು ಹಳೆಯ ಪತ್ರ ತೆಗೆದಾಗ ಆ ಕರಾರಿನ ಸಾಲು ಇನ್ನೂ ಕಾಣಿಸುವುದುಂಟು. ಜಾರಿಯಾಗುವುದಿಲ್ಲ, ಆದರೆ ಅಳಿಸಿಯೂ ಹೋಗಿಲ್ಲ. ಮಿನೆಸೋಟ ವಿಶ್ವವಿದ್ಯಾಲಯದವರು 2016ರಿಂದ ಅಂಥ ಪತ್ರಗಳನ್ನು ಒಂದೊಂದಾಗಿ ಹುಡುಕಿ ನಕ್ಷೆಯ ಮೇಲೆ ಗುರುತು ಹಾಕುತ್ತಿದ್ದಾರೆ. ಸಾಲನ್ನು ಕಿತ್ತುಹಾಕಬೇಕೆನ್ನುವವರಿದ್ದಾರೆ, ಸಾಕ್ಷಿ, ಇರಲಿ ಬಿಡಿ ಎನ್ನುವವರೂ ಇದ್ದಾರೆ. ನಮ್ಮಲ್ಲಿ ಯಾರು ಯಾವ ಪತ್ರ ತೆಗೆಯಬೇಕು? ಅಸ್ಪೃಶ್ಯತೆಯ ಕಾರಣಕ್ಕೆ ಯಾವ ಬಡಾವಣೆಯಲ್ಲೇ ಆಗಲಿ ಮನೆ ಹಿಡಿಯಲು ಅಡ್ಡಿ ಮಾಡುವುದು ಅಪರಾಧ ಎಂದು 1955ರ ಕಾನೂನಿನ 4ನೇ ಕಲಮಿನಲ್ಲೇ ಇದೆ. ಆ ಯಜಮಾನರು ನನಗೆ ಏನನ್ನೂ ಬರೆದುಕೊಡಲಿಲ್ಲ. ಯಾರೋ ಅಡ್ವಾನ್ಸ್ ಕೊಟ್ಟಿದ್ದಾರೆ ಎಂದರು, ಅಷ್ಟೆ. ಇಪ್ಪತ್ತು ದಿನ ಬಿಟ್ಟು ಅದೇ ಬೀದಿಯಲ್ಲಿ ಹಾದುಹೋದಾಗ 'ಮನೆ ಖಾಲಿ ಇದೆ' ಬೋರ್ಡು ಗೇಟಿಗೆ ನೇತಾಡುತ್ತಲೇ ಇತ್ತು, ಮಳೆಗೆ ಬಣ್ಣ ಸ್ವಲ್ಪ ಇಳಿದಿತ್ತು.